ಗೋಡೆಗೆ ಡಿಕ್ಕಿ ಹೊಡೆಯುವ ಕೆಲಸ

ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ
ಮಂಜುಗಡ್ಡೆಯ ಲೆಕ್ಕ ಬರೆಯುತ್ತಿದ್ದೆ ನಾನು.
ಮಾಳಿಗೆಗೆ ಬಾಡಿಗೆಗೆ ಬಂದರು ಮೂವರು:
ಡಿಪ್ಲೊಮಾದಲ್ಲಿ ಎರಡು ಸಲ ಡುಮ್ಕಿ ಹೊಡೆದ ರೋಹಿದಾಸ ಬಾನಾವಳಿ,
ಟ್ರಾಲರುಗಳ ಮೂತಿಗೆ ಹೆಸರು ಬರೆಯುತ್ತಿದ್ದ ಆಗ್ನೆಲ್,
ತಾಯಿಯ ಪಾಟಲಿ ಅಡವಿಟ್ಟು ಮೂರು ಕಂಪ್ಯೂಟರ್ ತಂದ
ಸುಹಾಸಿನಿ ಕೊಠಾರಕರ.
ಬೋರ್ಡಿನಲ್ಲಿ ಕುರ್ಲಿ ಗೇಮ್ಸ್.
ಏಡಿಯಂತೆ ನಮ್ಮ ಆಟವೂ ಅಡ್ಡಡ್ಡ ಹೋಗುತ್ತದೆ,
ಅದಕ್ಕೇ ಆ ಹೆಸರು, ಅಂದ ಆಗ್ನೆಲ್.
ಕೆಳಗೆ ಕಂಪ್ರೆಸರು ಗುಡುಗಿದರೆ
ಮೇಲೆ ಮೂರೂ ಪರದೆ ನಡುಗುತ್ತಿದ್ದವು.

ಬಾಡಿಗೆ ಕೇಳಲು ಹೋದವಳ ಮುಂದೆ
ಕೀಲಿಮಣೆ ಸರಿಸಿದರು: ಆಡಿ ನೋಡು, ಶೆವಂತಾ.
ಸೇತುವೆ ಇಲ್ಲದ ಕಾಲದ ಕಾಳಿ ನದಿ,
ಕೋಡಿಬಾಗದಿಂದ ಸದಾಶಿವಗಡಕ್ಕೆ ದೋಣಿ.
ಒಂದು ದಿಬ್ಬಣ, ಎರಡು ಎಮ್ಮೆ, ಒಬ್ಬ ಪೋಸ್ಟ್‌ಮ್ಯಾನ್,
ಮುಳುಗಿಸದೆ ದಾಟಿಸಬೇಕು.
ಮೂರನೇ ನಿಮಿಷಕ್ಕೆ ಎಮ್ಮೆ ನೀರಿನ ಮೇಲೆ ನಡೆಯಿತು.
ನಾನು ನಕ್ಕೆ. ಅವರು ನಗಲಿಲ್ಲ.
ಮರುದಿನದಿಂದ ತಿಂಗಳಿಗೆ ಎಂಟುನೂರು:
ಗೋಡೆ ಕಂಡಲ್ಲಿ ಡಿಕ್ಕಿ ಹೊಡೆಯಬೇಕು,
ಬಾಗಿಲಿಲ್ಲದ ಕಡೆ ನುಗ್ಗಿ ನೋಡಬೇಕು,
ಎಲ್ಲಿ ಹರಿದಿದೆಯೋ ಬರೆದಿಡಬೇಕು.
ಬಲೆ ಹೊಲಿಯುವವರ ಮಗಳಿಗೆ ಇದೇನು ಹೊಸ ಕೆಲಸ?

ನಲವತ್ತೊಂದು ಸಿ.ಡಿ. ಹೋದವು,
ಒಂಬತ್ತಕ್ಕೆ ದುಡ್ಡಿನ ಬದಲು ಬಾಂಗಡೆ.
ಆಮೇಲೆ ಗುಂಡಿಯ ಫೋನುಗಳು ಬಂದವು;
ನಮ್ಮ ನದಿ ಹೆಬ್ಬೆರಳಿನಷ್ಟಾಯಿತು,
ಎಮ್ಮೆ ನಾಲ್ಕು ಚುಕ್ಕಿ.
ಆಮೇಲೆ ಪುಣೆಯ ಒಂದು ಕಂಪನಿಯ ಜೂಜಿನ ಆಟಕ್ಕೆ
ಮೂರು ವರ್ಷ ಆಗ್ನೆಲ್ ಬಂಗಾರದ ನಾಣ್ಯ ಬಿಡಿಸಿದ,
ಬರೀ ನಾಣ್ಯ.
ಸುಹಾಸಿನಿ ಪಾಟಲಿ ಬಿಡಿಸಿಕೊಂಡಳು.
ಆ ವರ್ಷಗಳ ಬಗ್ಗೆ ನಾವು ಯಾರೂ ಹೆಚ್ಚು ಮಾತಾಡುವುದಿಲ್ಲ.

ದೋಣಿಗಳು ದಡ ಹತ್ತಿ ಐಸು ಯಾರಿಗೂ ಬೇಡವಾದ ಒಂದು ಜೂನಿನಲ್ಲಿ
ರೋಹಿದಾಸ ಕೇಳಿದ: ನಿಮ್ಮ ಊರು ಯಾವುದು?
ನೌಕಾನೆಲೆಯ ಬೇಲಿಯೊಳಗಿದೆ, ಅಂದೆ.
ಇದೆಯೋ, ಇಲ್ಲವೋ. ನಾನು ಹುಟ್ಟಿದ್ದಂತೂ ಅಲ್ಲಿ.

ತೋಡೂರಿನ ಕಾಲನಿಯಿಂದ ಟೆಂಪೋದಲ್ಲಿ ಮುದುಕರನ್ನು ತಂದೆವು.
ಮಂಜುಗಡ್ಡೆ ಒಡೆಯುವ ಕಟ್ಟೆಯ ಮೇಲೆ ಕೂತು
ಅವರು ಊರು ಹೇಳಿದರು, ಆಗ್ನೆಲ್ ಬಿಡಿಸಿದ.
ಬಾವಿ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು.
ತುಳಸಿಕಟ್ಟೆಯ ಮೂಲೆ ಒಡೆದಿರಬೇಕು, ಅಂದಳು ತಾನಿಬಾಯಿ,
ನೆಟ್ಟಗಿದ್ದರೆ ಅದು ನಮ್ಮದಲ್ಲ.
ಒಂದು ಮೊಳ ಜಾಗಕ್ಕೆ ಹದಿನಾಲ್ಕು ವರ್ಷ
ಕೋರ್ಟಿಗೆ ಅಲೆದ ಬುದವಂತ ಮತ್ತು ಗಣಬಾ
ಇಲ್ಲದ ಪಾಗಾರ ಎಲ್ಲಿತ್ತೆಂದು
ಮತ್ತೆ ಅಂಗಿ ಹಿಡಿದುಕೊಂಡರು.
ರೋಹಿದಾಸ ಕೊನೆಗೆ ಆ ಗೋಡೆಯನ್ನು
ಯಾರೂ ನೋಡದಿದ್ದಾಗ ಒಂದು ಮೊಳ ಸರಿಯುವಂತೆ ಮಾಡಿದ.
ಇಬ್ಬರೂ ಗೆದ್ದು ಮನೆಗೆ ಹೋದರು.

ಉಳಿದಂತೆ ಆ ಆಟದಲ್ಲಿ ಗೆಲ್ಲಲು ಏನೂ ಇರಲಿಲ್ಲ.
ನಡೆಯಬಹುದು. ನೀರು ಸೇದಬಹುದು.
ಅಂಥದ್ದನ್ನು ಯಾರು ಕೊಳ್ಳುತ್ತಾರೆ?
ಕಾಲನಿಯವರು ಕೊಂಡರು. ಆಮೇಲೆ ಪೋಲೆಂಡಿನ ಯಾರೋ ಒಬ್ಬ,
ಬಾವಿಯ ರಾಟೆಗೆ ಎಣ್ಣೆ ಬೇಕಾಗಿದೆ ಎಂದು ದೂರು ಕಳಿಸಿದ.
ಅದು ರಾಟೆಯಲ್ಲ, ಮಾರಾಯ,
ಕೆಳಗಿನ ಕಂಪ್ರೆಸರಿನ ಬೆಲ್ಟು.

ಉಪ್ಪುಗಾಳಿ ಒಂದೊಂದೇ ಯಂತ್ರ ತಿಂದಿತು.
ಲೆಕ್ಕ ಮುಚ್ಚಿದ ದಿನ ನಾಲ್ವರಿಗೂ ಸಮಪಾಲು:
ತಲಾ ಆರು ಸಾವಿರದ ಇನ್ನೂರು, ಒಂದೊಂದು ಕುರ್ಚಿ.
ಆಗ್ನೆಲ್ ಟ್ರಾಲರುಗಳಿಗೆ ಮರಳಿದ;
ಈಗ ಅವನು ಬರೆಯುವ ಹೆಸರುಗಳ ಕೆಳಗೆ
ಪುಟ್ಟದೊಂದು ಬಂಗಾರದ ನಾಣ್ಯ ಇರುತ್ತದೆ.

ಆಟದ ಕೊನೆಗೆ ಏರುವ ಹೆಸರುಗಳಲ್ಲಿ
ನನ್ನದು ಶಾಂತಾ ಎಂದಾಗಿದೆ.
ಐನೂರ ಹದಿನೇಳು ದೋಷ ಬರೆದುಕೊಟ್ಟವಳ ಕಣ್ಣಿಗೆ
ಅದೊಂದು ಬೀಳಲಿಲ್ಲ.

ಇನ್ನೊಂದು ಬಿತ್ತು, ಬರೆಯಲಿಲ್ಲ.
ನಮ್ಮ ಮನೆಯ ಹಿಂದೆ, ಒಲೆಯ ಹೊಗೆಗೆ ಕಪ್ಪಾದ ಗೋಡೆ
ಡಿಕ್ಕಿ ಹೊಡೆದರೆ ತಡೆಯುವುದಿಲ್ಲ.
ಒಳಗೆ ಯಾರೂ ಏನೂ ಬಿಡಿಸಿಲ್ಲ,
ನೆಲವಿಲ್ಲ, ಮಾಡಿಲ್ಲ, ಒಲೆಯೂ ಇಲ್ಲ.
ಆದರೆ ಅಲ್ಲಿ ನಿಂತು ತಿರುಗಿದರೆ
ಗೋಡೆಗಳಿಗೆ ಒಳಮೈ ಇಲ್ಲದ್ದರಿಂದ
ಸಮುದ್ರದವರೆಗೂ ಕಾಣುತ್ತದೆ.

ಮೊನ್ನೆ ಅಣ್ಣನ ಮಗ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದ.
ಅತ್ತೇ, ಇಲ್ಲಿ ಗೋಡೆ ಸರಿಯಿಲ್ಲ, ಅಂದ.
ಗೊತ್ತು, ಅಂದೆ. ಗಂಜಿ ಆರುತ್ತಿದೆ, ಬಾ.